ಬಟಾಣಿ ಊದಿದ ಹುಡುಗ ಆಮೇಲೆ ಏನಾದ?

ಕಳೆದ ಮಳೆಗಾಲದ ಒಂದು ಶನಿವಾರ. ಮುಂಬೈ ಮಳೆ ನಿಮಗೆ ಗೊತ್ತೇ ಇದೆ. ಅರ್ಧಕ್ಕರ್ಧ ಮಕ್ಕಳು ಬಂದಿರಲಿಲ್ಲ. ಬಂದವರಿಗೆ ಪಾಠ ಮುಂದುವರಿಸಿದರೆ ಬಾರದವರಿಗೆ ಮತ್ತೆ ಹೇಳಬೇಕಾಗುತ್ತದೆ ಅಂತ, ಎಂಟನೇ ತರಗತಿಯ ಮಕ್ಕಳಿಗೆ ಚಾರ್ಲಿ ಚಾಪ್ಲಿನ್ ಅವರ ‘ಸಿಟಿ ಲೈಟ್ಸ್’ ಹಾಕಿ ತೋರಿಸಿದೆ. ಮಾತೇ ಇಲ್ಲದ ಸಿನೆಮಾ. ನನ್ನ ತರಗತಿಗೆ ಅದು ದೊಡ್ಡ ಅನುಕೂಲ. ಕಲಬುರ್ಗಿ, ಯಾದಗಿರಿ, ವಿಜಯಪುರದ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಅವರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಮೂಕಿ ಸಿನೆಮಾಕ್ಕೆ ಇದ್ಯಾವುದರ ಹಂಗೂ ಇಲ್ಲ.

ಸಿನೆಮಾದ ಕೊನೆಯ ಭಾಗ ನೋಡಿದವರಿಗೆ ನೆನಪಿರುತ್ತದೆ. ಜೈಲಿನಿಂದ ಬಂದ ಅಲೆಮಾರಿ ಚಿಂದಿ ಬಟ್ಟೆಯಲ್ಲಿ ಬೀದಿ ತಿರುವಿಗೆ ಬರುತ್ತಾನೆ. ಅಲ್ಲಿ ಪೇಪರ್ ಮಾರುವ ಇಬ್ಬರು ಹುಡುಗರು ಸಣ್ಣ ಕೊಳವೆಯಲ್ಲಿ ಬಟಾಣಿ ಇಟ್ಟು ಊದಿ ಅವನಿಗೆ ಹೊಡೆಯುತ್ತಾರೆ. ಅವನು ತಿರುಗಿ ಬೈಯುತ್ತಾನೆ. ಅವರು ನಗುತ್ತಾರೆ. ಹೂವಿನ ಅಂಗಡಿಯ ಗಾಜಿನ ಹಿಂದೆ ಕೂತ ಹುಡುಗಿ ಕೂಡ ಇದನ್ನು ನೋಡಿ ನಗುತ್ತಾಳೆ. ಮುಂದೆ ನಡೆಯುವುದು ಸಿನೆಮಾ ಚರಿತ್ರೆಯಲ್ಲೇ ಅತಿ ಹೆಚ್ಚು ಮಂದಿ ಬರೆದ ದೃಶ್ಯಗಳಲ್ಲಿ ಒಂದು.

ಮಕ್ಕಳು ಅಳಲಿಲ್ಲ. ಅಳುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಬದಲಿಗೆ ಕೊನೆಯ ಬೆಂಚಿನ ಒಬ್ಬ ಹುಡುಗ ಎದ್ದು ನಿಂತು ಕೇಳಿದ: ‘ಟೀಚರ್, ಆ ಬಟಾಣಿ ಊದಿದ ಹುಡುಗ ಆಮ್ಯಾಲೆ ಏನಾದ್ನ್ರೀ?’

ಎಲ್ಲರೂ ನಕ್ಕರು. ಅವನು ರೀಫಿಲ್ ತೆಗೆದ ಪೆನ್ನಿನ ಕೊಳವೆಯಲ್ಲಿ ಕಾಗದದ ಉಂಡೆ ಊದುವುದರಲ್ಲಿ ನಮ್ಮ ಶಾಲೆಯಲ್ಲಿ ಹೆಸರುವಾಸಿ. ನನಗೂ ನಗು ಬಂತು. ಆದರೆ ಪ್ರಶ್ನೆ ಒಳ್ಳೆಯದಿತ್ತು. ಚಾಪ್ಲಿನ್ ಏನಾದರು ಎಂಬುದು ಎಲ್ಲ ಪುಸ್ತಕಗಳಲ್ಲೂ ಇದೆ. ಅಂಚಿನಲ್ಲಿ ನಿಂತ ಹುಡುಗ ಏನಾದ ಅಂತ ಯಾರು ಕೇಳುತ್ತಾರೆ? ಈ ಲೇಖನ ಅವನ ಪ್ರಶ್ನೆಗೆ ನನ್ನ ಉತ್ತರ. ಸ್ವಲ್ಪ ತಡವಾಗಿದೆ, ಸ್ವಲ್ಪ ಉದ್ದವೂ ಆಗಿದೆ.

ಅಂಚಿನ ಹುಡುಗ

ಆ ಇಬ್ಬರಲ್ಲಿ ಒಬ್ಬನ ಹೆಸರು ರಾಬರ್ಟ್ ಪ್ಯಾರಿಶ್. ಇನ್ನೊಬ್ಬ ಆಸ್ಟಿನ್ ಜುವೆಲ್. ತಮಾಷೆ ನೋಡಿ, ಇಬ್ಬರೂ ದೊಡ್ಡವರಾದ ಮೇಲೆ ಕ್ಯಾಮೆರಾದ ಹಿಂದಕ್ಕೇ ಹೋದರು. ಜುವೆಲ್ ಸಹಾಯಕ ನಿರ್ದೇಶಕರಾಗಿ ಕೆಲಸ ಮಾಡಿದರು. ಪ್ಯಾರಿಶ್ ಮೊದಲು ಸಂಕಲನಕಾರರಾದರು, ಅಂದರೆ ಎಡಿಟರ್, ಆಮೇಲೆ ನಿರ್ದೇಶಕರೂ ಆದರು. ಪ್ಯಾರಿಶ್ ತಮ್ಮ ನೆನಪುಗಳನ್ನು ಎರಡು ಪುಸ್ತಕಗಳಲ್ಲಿ ಬರೆದಿಟ್ಟಿದ್ದರಿಂದ ಅವರ ಕಥೆ ನಮಗೆ ಹೆಚ್ಚು ಸಿಗುತ್ತದೆ.

ಪ್ಯಾರಿಶ್ ಹುಟ್ಟಿದ್ದು 1916ರ ಜನವರಿ 4ರಂದು, ಅಮೆರಿಕದ ದಕ್ಷಿಣದಲ್ಲಿರುವ ಜಾರ್ಜಿಯಾ ರಾಜ್ಯದ ಕೊಲಂಬಸ್ ಊರಿನಲ್ಲಿ. ಅವನು ಇನ್ನೂ ಚಿಕ್ಕವನಿದ್ದಾಗ ಮನೆಯವರು ಲಾಸ್ ಏಂಜಲೀಸಿಗೆ ಬಂದರು. ತಾಯಿ ಲಾರಾ ಪ್ಯಾರಿಶ್ ಸಿನೆಮಾಗಳಲ್ಲಿ ಸಣ್ಣಪುಟ್ಟ ಪಾತ್ರ ಮಾಡುತ್ತಿದ್ದರು. ಮಕ್ಕಳೂ ಸ್ಟುಡಿಯೊಗಳಿಗೆ ಹೋಗತೊಡಗಿದರು. ತಂಗಿ ಹೆಲೆನ್ ಮುಂದೆ ಹೆಸರು ಮಾಡಿದ ನಟಿ. ರಾಬರ್ಟ್‌ಗೆ ಮಾತ್ರ ಯಾವತ್ತೂ ದೊಡ್ಡ ಪಾತ್ರ ಸಿಗಲಿಲ್ಲ. ‘ಅವರ್ ಗ್ಯಾಂಗ್’ ಎಂಬ ಮಕ್ಕಳ ಕಿರುಚಿತ್ರಗಳಲ್ಲಿ, ಜಾನ್ ಫೋರ್ಡ್ ಅವರ ‘ಫೋರ್ ಸನ್ಸ್’ (1928) ಚಿತ್ರದಲ್ಲಿ, ಹೀಗೆ ಗುಂಪಿನಲ್ಲಿ ಒಬ್ಬ.

ಆ ಕಾಲದಲ್ಲಿ ನಡುವೆ ನಿಂತ ಮಕ್ಕಳ ಗತಿ ಏನಾಗುತ್ತಿತ್ತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಚಾಪ್ಲಿನ್ ಅವರದೇ ‘ದಿ ಕಿಡ್’ (1921) ಚಿತ್ರದ ಹುಡುಗ ಜಾಕಿ ಕೂಗನ್ ಜಗತ್ತಿಗೆಲ್ಲ ಗೊತ್ತಿದ್ದ ಮುಖ. ಲಕ್ಷಗಟ್ಟಲೆ ಡಾಲರ್ ದುಡಿದ. ಪ್ರಾಯಕ್ಕೆ ಬಂದು ಕೇಳಿದರೆ ಹಣ ಖರ್ಚಾಗಿಹೋಗಿತ್ತು. 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೇ ಕೋರ್ಟಿಗೆ ಹೋಗಬೇಕಾಯಿತು. ಕೈಗೆ ಬಂದದ್ದು ಸುಮಾರು 1,26,000 ಡಾಲರ್ ಮಾತ್ರ. ಆ ಗಲಾಟೆಯಿಂದಲೇ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಗಳಿಕೆಯ ಒಂದು ಪಾಲನ್ನು ಅವರಿಗಾಗಿ ಎತ್ತಿಡಬೇಕು ಎಂಬ ಕಾನೂನು ಬಂತು. ಇವತ್ತಿಗೂ ಅದನ್ನು ಕೂಗನ್ ಕಾನೂನು ಅಂತಲೇ ಕರೆಯುತ್ತಾರೆ. ಅಂಚಿನಲ್ಲಿದ್ದವನಿಗೆ ಕಳೆದುಕೊಳ್ಳಲು ಅಷ್ಟು ಹಣವೂ ಇರಲಿಲ್ಲ, ಅಷ್ಟು ಹೆಸರೂ ಇರಲಿಲ್ಲ. ಆದರೆ ಅವನಿಗೆ ಒಂದು ಸೌಕರ್ಯವಿತ್ತು. ಸುಮ್ಮನೆ ನಿಂತು ನೋಡಬಹುದಿತ್ತು.

ಪ್ಯಾರಿಶ್ ನೋಡಿದ್ದನ್ನು ಬರೆದಿದ್ದಾರೆ. ಬಟಾಣಿ ಊದುವುದು ಹೇಗೆ ಅಂತ ಚಾಪ್ಲಿನ್ ಇಬ್ಬರಿಗೂ ತೋರಿಸಿಕೊಟ್ಟರಂತೆ. ತಾವೇ ಊದುವುದು, ಓಡಿಹೋಗಿ ಬಟಾಣಿ ತಗುಲಿದವನಂತೆ ಬೆಚ್ಚಿಬೀಳುವುದು, ಮತ್ತೆ ಓಡಿಬಂದು ಊದುವುದು. ಹೂವಿನ ಹುಡುಗಿಯ ಪಾತ್ರವನ್ನೂ ತಾವೇ ಮಾಡಿ ತೋರಿಸುವುದು. ಎಲ್ಲರ ಪಾತ್ರವನ್ನೂ ಆಡಿ ಮುಗಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಅವರವರ ಪಾತ್ರವನ್ನು ಅವರವರಿಗೆ ವಾಪಸು ಕೊಟ್ಟಂತಿತ್ತು ಅಂತ ಪ್ಯಾರಿಶ್ ನೆನೆಯುತ್ತಾರೆ. ಹದಿಮೂರು ಹದಿನಾಲ್ಕರ ಹುಡುಗನಿಗೆ ಅವತ್ತು ಒಂದು ವಿಷಯ ತಿಳಿದಿರಬೇಕು. ಒಂದು ದೃಶ್ಯವನ್ನು ಎಲ್ಲ ಬದಿಯಿಂದಲೂ ನೋಡುವವನು ಯಾವನೋ ಒಬ್ಬ ಇರುತ್ತಾನೆ, ಸಿನೆಮಾ ಆಗುವುದು ಅವನ ತಲೆಯಲ್ಲಿ.

‘ಸಿಟಿ ಲೈಟ್ಸ್’ ಮೊದಲು ತೆರೆ ಕಂಡದ್ದು 1931ರ ಜನವರಿ 30ರಂದು, ಲಾಸ್ ಏಂಜಲೀಸಿನಲ್ಲಿ. ಮಾತಿನ ಸಿನೆಮಾ ಬಂದು ಮೂರು ವರ್ಷ ಕಳೆದಿದ್ದರೂ ಚಾಪ್ಲಿನ್ ಹಟ ಹಿಡಿದು ಮೂಕಿಯನ್ನೇ ಮಾಡಿದ್ದರು. ಅದಾಗಿ ಆರೇ ವಾರಕ್ಕೆ, ಮಾರ್ಚ್ 14ರಂದು, ನಮ್ಮದೇ ಮುಂಬೈಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ಭಾರತದ ಮೊದಲ ಮಾತಿನ ಚಿತ್ರ ‘ಆಲಂ ಆರಾ’ ಬಂತು. ಅದರ ನಾಯಕಿ ಜುಬೇದಾ ಕೂಡ ಮೂಕಿ ಕಾಲದಲ್ಲಿ ಹುಡುಗಿಯಾಗಿದ್ದಾಗಲೇ ಕ್ಯಾಮೆರಾ ಮುಂದೆ ನಿಂತವರು. ಅವರ ತಾಯಿ ಫಾತ್ಮಾ ಬೇಗಂ 1926ರಲ್ಲಿ ‘ಬುಲ್‌ಬುಲ್-ಎ-ಪರಿಸ್ತಾನ್’ ನಿರ್ದೇಶಿಸಿ, ಭಾರತದ ಮೊದಲ ಮಹಿಳಾ ನಿರ್ದೇಶಕಿ ಎನಿಸಿಕೊಂಡವರು. ಅಲ್ಲೂ ಇಲ್ಲೂ ಒಂದೇ ಹೊತ್ತಿಗೆ ಒಂದು ಕಾಲ ಮುಗಿಯುತ್ತಿತ್ತು.

ಕತ್ತರಿ ಕೋಣೆ

ಪ್ಯಾರಿಶ್ ಜಾನ್ ಫೋರ್ಡ್ ಅವರ ಬೆನ್ನು ಬಿಡಲಿಲ್ಲ. ಸಣ್ಣ ಪಾತ್ರ ಮಾಡುತ್ತಲೇ, 1930ರ ದಶಕದ ನಡುವಿನ ಹೊತ್ತಿಗೆ, ಅವರ ಸಂಕಲನ ಕೋಣೆಯಲ್ಲಿ ಕೆಲಸಕ್ಕೆ ಸೇರಿದರು. ಅದೇನು ಠೀವಿಯ ಕೆಲಸವಲ್ಲ. ರೀಲು ಹೊತ್ತು ತರುವುದು, ತುಣುಕುಗಳಿಗೆ ನಂಬರು ಹಾಕುವುದು, ಕತ್ತರಿಸಿದ್ದನ್ನು ಅಂಟಿಸುವುದು. ‘ಯಂಗ್ ಮಿಸ್ಟರ್ ಲಿಂಕನ್’ (1939), ‘ದಿ ಗ್ರೇಪ್ಸ್ ಆಫ್ ರಾತ್’ (1940) ಹೊತ್ತಿಗೆ ಸದ್ದುಗಳನ್ನು ಜೋಡಿಸುವ ವಿಭಾಗದಲ್ಲಿದ್ದರು.

ವಿದ್ಯಾರ್ಥಿಗಳಿಗಾಗಿ ಇಲ್ಲಿ ಒಂದು ಸರಳ ಲೆಕ್ಕ. ಆಗಿನ ಸಿನೆಮಾ ಅಂದರೆ 35 ಮಿಲಿಮೀಟರ್ ಅಗಲದ ಫಿಲ್ಮ್ ಪಟ್ಟಿ. ಒಂದು ಸೆಕೆಂಡಿಗೆ 24 ಚಿತ್ರ ಓಡಬೇಕು. ಒಂದು ಅಡಿ ಪಟ್ಟಿಯಲ್ಲಿ 16 ಚಿತ್ರ. ಹಾಗಾಗಿ ಒಂದು ನಿಮಿಷಕ್ಕೆ 90 ಅಡಿ. ಎರಡು ಗಂಟೆಯ ಸಿನೆಮಾಕ್ಕೆ 10,800 ಅಡಿ ಬೇಕು, ಆದರೆ ಚಿತ್ರೀಕರಿಸಿದ್ದು ಅದರ ಹತ್ತಾರು ಪಟ್ಟು ಇರಬಹುದು. ಉಳಿದದ್ದೆಲ್ಲ ನೆಲಕ್ಕೆ. ಯಾವುದು ತೆರೆಗೆ, ಯಾವುದು ನೆಲಕ್ಕೆ ಅಂತ ನಿರ್ಧರಿಸುವುದೇ ಸಂಕಲನ. ಪ್ರೇಕ್ಷಕರಿಗೆ ಈ ಮನುಷ್ಯ ಕಾಣುವುದಿಲ್ಲ. ಅವನು ಚೆನ್ನಾಗಿ ಕೆಲಸ ಮಾಡಿದಷ್ಟೂ ಅವನಿದ್ದಾನೆಂಬುದೇ ಗೊತ್ತಾಗುವುದಿಲ್ಲ.

ಈ ಕೆಲಸದ ಶಕ್ತಿ ಎಷ್ಟೆಂದು ಪ್ಯಾರಿಶ್‌ಗೆ ಗೊತ್ತಾದದ್ದು ಯುದ್ಧದಲ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಫೋರ್ಡ್ ನೌಕಾದಳದ ಅಧಿಕಾರಿಯಾಗಿ ಒಂದು ಚಿತ್ರೀಕರಣ ಘಟಕ ಕಟ್ಟಿದ್ದರು. ಪ್ಯಾರಿಶ್ ಅದರಲ್ಲಿದ್ದರು. 1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಮೇಲೆ ಜಪಾನ್ ದಾಳಿ ಮಾಡಿದಾಗ ಫೋರ್ಡ್ ಅಲ್ಲೇ ಇದ್ದು ಬಣ್ಣದ ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಗಾಯವೂ ಆಯಿತು. ತಂದ ರೀಲುಗಳನ್ನು 26 ವರ್ಷದ ಪ್ಯಾರಿಶ್ ಕೈಗೆ ಕೊಟ್ಟು, ಯಾರಿಗೂ ಹೇಳದೆ ಕೂತು ಎಡಿಟ್ ಮಾಡು ಎಂದರು. ಸೇನೆಯ ಒಂದೊಂದು ವಿಭಾಗವೂ ನಮ್ಮದು ಹೆಚ್ಚು ಬರಲಿ ಅಂತ ಜಗಳಕ್ಕೆ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತಿತ್ತು.

‘ದಿ ಬ್ಯಾಟಲ್ ಆಫ್ ಮಿಡ್‌ವೇ’ 18 ನಿಮಿಷದ ಚಿತ್ರ. ಅದನ್ನು ಶ್ವೇತಭವನದಲ್ಲಿ ತೋರಿಸುವ ಮೊದಲು ಫೋರ್ಡ್ ತಮ್ಮ ಜೇಬಿನಿಂದ ಕೆಲವೇ ಅಡಿಗಳ ಒಂದು ತುಣುಕು ತೆಗೆದು ಇದನ್ನೂ ಸೇರಿಸು ಅಂದರಂತೆ. ಅದರಲ್ಲಿ ಇದ್ದದ್ದು ಅಧ್ಯಕ್ಷ ರೂಸ್‌ವೆಲ್ಟ್ ಅವರ ಮಗ ಜೇಮ್ಸ್. ಪ್ರದರ್ಶನದಲ್ಲಿ ಅಲ್ಲಿಯವರೆಗೆ ಮಾತಾಡುತ್ತಿದ್ದ ಅಧ್ಯಕ್ಷರು ಮಗನ ಮುಖ ಬಂದಾಗ ಮೌನವಾದರು, ಮುಗಿದ ಮೇಲೆ ಅಮೆರಿಕದ ಪ್ರತಿ ತಾಯಿಯೂ ಇದನ್ನು ನೋಡಬೇಕು ಅಂದರು ಎಂದು ಪ್ಯಾರಿಶ್ ಬರೆಯುತ್ತಾರೆ. ಚಿತ್ರಕ್ಕೆ ಆಸ್ಕರ್ ಕೂಡ ಬಂತು.

ಈ ಪ್ರಸಂಗ ಓದಿದಾಗ ನನಗೆ ಎರಡು ಭಾವ ಬಂತು. ಮೊದಲು ಮೆಚ್ಚುಗೆ. ಆಮೇಲೆ ಸ್ವಲ್ಪ ಹೆದರಿಕೆ. ಕೆಲವು ಅಡಿ ಫಿಲ್ಮು ಒಂದು ದೇಶದ ದೊರೆಯನ್ನೇ ಕರಗಿಸಬಹುದಾದರೆ, ಅದೇ ಕೆಲವು ಅಡಿಯಿಂದ ಯಾರ ಮೇಲೆ ಬೇಕಾದರೂ ಸಿಟ್ಟನ್ನೂ ಹುಟ್ಟಿಸಬಹುದು. ಮೊಬೈಲಿನಲ್ಲಿ ಬರುವ ಹಿಂದುಮುಂದಿಲ್ಲದ ಅರ್ಧ ನಿಮಿಷದ ವೀಡಿಯೊಗಳನ್ನು ನೋಡಿ ಬೆಂದಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೆ ಎದುರಾದ ಉದಾಹರಣೆಯೂ ಅದೇ ಘಟಕದಲ್ಲಿದೆ. ಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆಯಿತು. 1945ರ ಡಿಸೆಂಬರ್ 11ರಂದು ನ್ಯಾಯಾಲಯದಲ್ಲಿ ‘ದಿ ನಾಜಿ ಪ್ಲಾನ್’ ಎಂಬ ಚಿತ್ರ ತೋರಿಸಿದರು. ಅದನ್ನು ಜೋಡಿಸಿದ್ದು ಫೋರ್ಡ್ ಘಟಕದವರು. ಪ್ಯಾರಿಶ್ ಕೂಡ ಆ ಕೆಲಸದಲ್ಲಿದ್ದರು. ಅದರಲ್ಲಿದ್ದದ್ದು ನಾಜಿಗಳು ತಮ್ಮ ಹೊಗಳಿಕೆಗೆ ತಾವೇ ತೆಗೆಸಿಕೊಂಡಿದ್ದ ದೃಶ್ಯಗಳು. ಮೆರವಣಿಗೆ, ಭಾಷಣ, ಕೈ ಎತ್ತಿದ ಜನಸಾಗರ. ಹೆಮ್ಮೆಗಾಗಿ ತೆಗೆದದ್ದು ಸರಿಯಾದ ಕ್ರಮದಲ್ಲಿ ಜೋಡಿಸಿದಾಗ ಅಪರಾಧದ ಸಾಕ್ಷಿಯಾಯಿತು. ಹೊಸದಾಗಿ ಒಂದು ಸುಳ್ಳನ್ನೂ ಸೇರಿಸಬೇಕಾಗಲಿಲ್ಲ. ಕತ್ತರಿ ಅದೇ. ಹಿಡಿದ ಕೈಗೆ ಏನು ಬೇಕಿತ್ತು ಎಂಬುದಷ್ಟೇ ಬೇರೆ.

ಹಿಂದೆ ನೂರು ಅಡಿ, ಮುಂದೆ ನೂರು ಅಡಿ

ಯುದ್ಧದಿಂದ ಮರಳಿದ ಪ್ಯಾರಿಶ್‌ಗೆ ದೊಡ್ಡ ಹೆಸರು ತಂದದ್ದು ‘ಬಾಡಿ ಅಂಡ್ ಸೋಲ್’ (1947). ಬಡ ಮನೆಯ ಹುಡುಗನೊಬ್ಬ ಬಾಕ್ಸಿಂಗ್‌ನಲ್ಲಿ ಮೇಲೆ ಬಂದು, ಪಂದ್ಯ ಮಾರಿಕೊಳ್ಳಬೇಕೋ ಬೇಡವೋ ಎಂಬ ತಿರುವಿಗೆ ಬಂದು ನಿಲ್ಲುವ ಕಥೆ. ನಿರ್ದೇಶನ ರಾಬರ್ಟ್ ರಾಸೆನ್, ಕಥೆ ಅಬ್ರಹಾಂ ಪೊಲೊನ್ಸ್ಕಿ, ನಾಯಕ ಜಾನ್ ಗಾರ್ಫೀಲ್ಡ್. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೌ ಕಾಲಿಗೆ ಚಕ್ರದ ಬೂಟು ಕಟ್ಟಿಕೊಂಡು, ಕೈಯಲ್ಲೇ ಕ್ಯಾಮೆರಾ ಹಿಡಿದು, ಬಾಕ್ಸಿಂಗ್ ಕಣದಲ್ಲಿ ಜಾರುತ್ತಾ ಚಿತ್ರೀಕರಿಸಿದ್ದು ಪ್ರಸಿದ್ಧ. ಹಾಗೆ ತಂದ ಅಲುಗಾಡುವ ತುಣುಕುಗಳನ್ನು ಒಂದು ಹೊಡೆದಾಟವನ್ನಾಗಿ ಮಾಡಿದ್ದು ಪ್ಯಾರಿಶ್ ಮತ್ತು ಫ್ರಾನ್ಸಿಸ್ ಲಯನ್. ಇಬ್ಬರಿಗೂ ಸಂಕಲನದ ಆಸ್ಕರ್ ಸಿಕ್ಕಿತು. ಆ ಚಿತ್ರದ ಕೊನೆಯ ಬಗ್ಗೆ ರಾಸೆನ್ ಮತ್ತು ಪೊಲೊನ್ಸ್ಕಿ ನಡುವೆ ಜಗಳವಿತ್ತು. ನಾಯಕ ಸಾಯಬೇಕು ಅಂತ ರಾಸೆನ್, ಬದುಕಿ ತಲೆಯೆತ್ತಿ ನಡೆಯಬೇಕು ಅಂತ ಪೊಲೊನ್ಸ್ಕಿ. ಎರಡನ್ನೂ ಚಿತ್ರೀಕರಿಸಿದರು. ಕೊನೆಗೆ ಉಳಿದದ್ದು ಪೊಲೊನ್ಸ್ಕಿಯದು.

ಎರಡು ವರ್ಷದ ನಂತರ ರಾಸೆನ್ ಮತ್ತೆ ಕರೆದರು. ‘ಆಲ್ ದಿ ಕಿಂಗ್ಸ್ ಮೆನ್’ (1949) ಚಿತ್ರ ಮುಗಿದಿತ್ತು, ಆದರೆ ವಿಪರೀತ ಉದ್ದವಾಗಿತ್ತು. ಪರೀಕ್ಷೆಗೆಂದು ತೋರಿಸಿದಾಗೆಲ್ಲ ಪ್ರೇಕ್ಷಕರು ಬೇಸರಪಡುತ್ತಿದ್ದರು. ಪ್ಯಾರಿಶ್ ತಿಂಗಳುಗಟ್ಟಲೆ ಕೂತರು. ಏನು ಮಾಡಿದರೂ ಸರಿಹೋಗಲಿಲ್ಲ. ಕೊನೆಗೆ ಬೇಸತ್ತ ರಾಸೆನ್ ಒಂದು ವಿಚಿತ್ರ ಉಪಾಯ ಹೇಳಿದರು. ಪ್ರತಿ ದೃಶ್ಯದ ನಡು ಯಾವುದು ಅಂತ ಗುರುತಿಸು. ಅಲ್ಲಿಂದ ಹಿಂದಕ್ಕೆ ನೂರು ಅಡಿ, ಮುಂದಕ್ಕೆ ನೂರು ಅಡಿ ಇಟ್ಟುಕೋ. ಮಿಕ್ಕದ್ದು ಮಾತಿನ ಮಧ್ಯೆ ಇರಲಿ, ಸಂಗೀತದ ಮಧ್ಯೆ ಇರಲಿ, ಕತ್ತರಿಸು. ನೂರು ಅಡಿ ಅಂದರೆ ಮೇಲಿನ ಲೆಕ್ಕದ ಪ್ರಕಾರ ಸುಮಾರು 67 ಸೆಕೆಂಡ್.

ಹಾಗೆ ಮಾಡಿ ಆಮೇಲೆ ಅಲ್ಲಲ್ಲಿ ಸರಿಪಡಿಸಿದರು. ಚಿತ್ರ ಸುಮಾರು 109 ನಿಮಿಷಕ್ಕೆ ಇಳಿಯಿತು. ಅದಕ್ಕೊಂದು ಓಟ ಬಂತು, ಒರಟುತನ ಬಂತು. ಜನರ ಹೆಸರು ಹೇಳಿಕೊಂಡು ಮೇಲೆ ಬಂದು ಜನರನ್ನೇ ತುಳಿಯುವ ರಾಜಕಾರಣಿಯ ಆ ಕಥೆಗೆ ಆ ಒರಟುತನವೇ ಒಪ್ಪಿತು. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಅದಕ್ಕೇ ಸಿಕ್ಕಿತು. ಪ್ಯಾರಿಶ್ ಮತ್ತು ಆಲ್ ಕ್ಲಾರ್ಕ್ ಸಂಕಲನಕ್ಕೆ ನಾಮನಿರ್ದೇಶನಗೊಂಡರು.

ಬಿ.ಎಡ್. ಮಾಡುವಾಗ ನಾವು ಪಾಠಯೋಜನೆ ಬರೆಯುತ್ತಿದ್ದೆವು. ಪೀಠಿಕೆ, ಉದ್ದೇಶ, ಬೋಧನೆ, ಮೌಲ್ಯಮಾಪನ, ಎಲ್ಲಕ್ಕೂ ಒಂದೊಂದು ಖಾನೆ. ಈ ಪ್ರಸಂಗ ಓದಿದ ಮೇಲೆ ನಾನು ನನ್ನ ಹಳೆಯ ಪಾಠಯೋಜನೆ ತೆಗೆದು ನೋಡಿದೆ. ನಡು ಎಲ್ಲಿದೆ ಅಂತ ಹುಡುಕಿದೆ. ಪಾಪ, ಮಕ್ಕಳು ಎಷ್ಟು ಸಹಿಸಿಕೊಂಡಿದ್ದರು ಅಂತ ಅನ್ನಿಸಿತು.

ಮನುಷ್ಯರನ್ನು ಕತ್ತರಿಸಿದ ಕಾಲ

ಇಲ್ಲಿಯವರೆಗಿನದು ಫಿಲ್ಮ್ ಕತ್ತರಿಸಿದ ಕಥೆ. ಆದರೆ ಅದೇ ವರ್ಷಗಳಲ್ಲಿ ಹಾಲಿವುಡ್‌ನಲ್ಲಿ ಇನ್ನೊಂದು ಕತ್ತರಿ ಓಡಾಡುತ್ತಿತ್ತು. ಅಮೆರಿಕದ ಸಂಸತ್ತಿನ ಒಂದು ಸಮಿತಿ, ಸಿನೆಮಾದವರಲ್ಲಿ ಕಮ್ಯುನಿಸ್ಟರು ಯಾರು ಅಂತ 1947ರಿಂದ ವಿಚಾರಣೆ ಶುರುಮಾಡಿತ್ತು. ಉತ್ತರ ಕೊಡದವರಿಗೆ, ಸ್ನೇಹಿತರ ಹೆಸರು ಹೇಳದವರಿಗೆ ಕೆಲಸ ನಿಂತುಹೋಗುತ್ತಿತ್ತು. ಕಪ್ಪುಪಟ್ಟಿ ಅಂತ ಕರೆದದ್ದು ಇದನ್ನೇ. ಪಟ್ಟಿ ಇದೆ ಅಂತ ಯಾವ ಸ್ಟುಡಿಯೊವೂ ಒಪ್ಪಿಕೊಳ್ಳುತ್ತಿರಲಿಲ್ಲ, ಆದರೆ ಹೆಸರು ಬಂದವನ ಮನೆಯ ಫೋನು ಬಡಿಯುವುದು ನಿಲ್ಲುತ್ತಿತ್ತು.

ಪ್ಯಾರಿಶ್‌ಗೆ ಆಸ್ಕರ್ ತಂದ ‘ಬಾಡಿ ಅಂಡ್ ಸೋಲ್’ ಒಂದನ್ನೇ ತೆಗೆದುಕೊಳ್ಳಿ. ನಿರ್ದೇಶಕ ರಾಸೆನ್ 1951ರಲ್ಲಿ ಹೆಸರು ಹೇಳಲು ಒಪ್ಪಲಿಲ್ಲ, ಕೆಲಸ ಹೋಯಿತು. 1953ರಲ್ಲಿ ಸೋತು 50ಕ್ಕಿಂತ ಹೆಚ್ಚು ಹೆಸರು ಹೇಳಿದರು. ಕಥೆ ಬರೆದ ಪೊಲೊನ್ಸ್ಕಿ 1948ರಲ್ಲಿ ತಮ್ಮ ಮೊದಲ ಚಿತ್ರ ನಿರ್ದೇಶಿಸಿದ್ದರು. ಎರಡನೆಯದಕ್ಕೆ ಅವರ ಹೆಸರು ಬರಲು 1969 ಆಗಬೇಕಾಯಿತು. ನಾಯಕ ಗಾರ್ಫೀಲ್ಡ್ ಹೆಸರು ಹೇಳಲಿಲ್ಲ. ಅವಕಾಶಗಳು ಬತ್ತಿದವು. 1952ರ ಮೇ ತಿಂಗಳಲ್ಲಿ 39ನೇ ವಯಸ್ಸಿಗೆ ಹೃದಯಾಘಾತದಿಂದ ತೀರಿಕೊಂಡರು. ಅದೇ ಚಿತ್ರದಲ್ಲಿದ್ದ ಕಪ್ಪು ನಟ ಕೆನಡಾ ಲೀ, ಅವರೂ ಕೆಲಸ ಕಳೆದುಕೊಂಡವರು, ಅದೇ ಮೇ ತಿಂಗಳಲ್ಲಿ ತೀರಿಹೋದರು. ನಾಯಕನ ತಾಯಿಯಾಗಿ ನಟಿಸಿದ ಆನ್ ರಿವೀರ್‌ಗೆ 1945ರ ಸಾಲಿನ ಆಸ್ಕರ್ ಗೆದ್ದ ಗೌರವವಿತ್ತು. ಅವರಿಗೂ ಸುಮಾರು ಇಪ್ಪತ್ತು ವರ್ಷ ಸಿನೆಮಾದಲ್ಲಿ ಪಾತ್ರ ಸಿಗಲಿಲ್ಲ. ಒಂದೇ ಸಿನೆಮಾ, ಐದು ಜನ. ತೆರೆಯ ಮೇಲೆ ಪ್ಯಾರಿಶ್ ಉಳಿಸಿದ ಮುಖಗಳನ್ನು ಹೊರಗೆ ಬೇರೆ ಯಾರೋ ಕತ್ತರಿಸಿ ನೆಲಕ್ಕೆ ಹಾಕಿದರು.

ಆಗ ಪ್ಯಾರಿಶ್ ಏನು ಮಾಡಿದರು? ನನ್ನ ಮಟ್ಟಿಗೆ ಇಡೀ ಕಥೆಯ ನಡು ಇದು. ಹಿಂದೆ ನೂರು ಅಡಿ, ಮುಂದೆ ನೂರು ಅಡಿ ಇಡಬೇಕಾದ ಜಾಗ.

1950. ಪ್ಯಾರಿಶ್ ಆಗಷ್ಟೇ ನಿರ್ದೇಶಕರಾಗುತ್ತಿದ್ದರು. ನಿರ್ದೇಶಕರ ಸಂಘದ ಅಧ್ಯಕ್ಷ ಜೋಸೆಫ್ ಮ್ಯಾಂಕಿವಿಕ್ಸ್. ಅವರು ವಿದೇಶದಲ್ಲಿದ್ದಾಗ, ಹಿರಿಯ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ ಅವರ ಗುಂಪು ಒಂದು ನಿಯಮ ತಂದಿತು. ಸಂಘದ ಪ್ರತಿ ಸದಸ್ಯನೂ ತಾನು ಕಮ್ಯುನಿಸ್ಟ್ ಅಲ್ಲ ಅಂತ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಮತದಾನ ಗುಟ್ಟಾಗಿರಲಿಲ್ಲ, ಯಾರು ಬೇಡ ಅಂದರು ಎಂಬುದು ತಿಳಿಯುವಂತಿತ್ತು. ಮ್ಯಾಂಕಿವಿಕ್ಸ್ ವಿರೋಧಿಸಿದಾಗ ಅವರನ್ನೇ ಇಳಿಸಲು ಗುಂಪು ಹೊರಟಿತು. ಅದನ್ನು ತಡೆಯಲು ಎಲ್ಲ ಸದಸ್ಯರ ಸಭೆ ಕರೆಯಬೇಕು. ಸಭೆ ಕರೆಯಲು 25 ಸದಸ್ಯರ ಸಹಿ ಬೇಕು.

ಆ 25 ಜನರಲ್ಲಿ ಪ್ಯಾರಿಶ್ ಒಬ್ಬರು. ವಿಲಿಯಂ ವೈಲರ್, ಬಿಲ್ಲಿ ವೈಲ್ಡರ್, ಫ್ರೆಡ್ ಜಿನ್ನೆಮನ್, ಜಾನ್ ಹ್ಯೂಸ್ಟನ್ ಅವರಂಥ ದೊಡ್ಡ ಹೆಸರುಗಳ ಪಕ್ಕದಲ್ಲಿ, ಇನ್ನೂ ಒಂದು ಚಿತ್ರವೂ ಬಿಡುಗಡೆಯಾಗದ ಒಬ್ಬ ಹೊಸಬ. ದೊಡ್ಡವರಿಗೆ ಕಳೆದುಕೊಳ್ಳಲು ಬಹಳವಿತ್ತು ನಿಜ, ಆದರೆ ಅವರನ್ನು ಕಾಯುವ ಹೆಸರೂ ಇತ್ತು. ಇವರಿಗೆ ಅದೂ ಇರಲಿಲ್ಲ. ಇನ್ನೊಂದು ವಿಪರ್ಯಾಸ ನೋಡಿ. ಆ ಅರ್ಜಿಗೆ ಸಹಿ ಹಾಕುವವರು ಸಂಘದ ಕ್ರಮಬದ್ಧ ಸದಸ್ಯರಾಗಿರಬೇಕು, ಹಾಗೆ ಆಗಬೇಕಾದರೆ ಮೊದಲು ಅದೇ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು. ಅಂದರೆ, ನಿಷ್ಠೆಯ ಪರೀಕ್ಷೆ ತಪ್ಪು ಅಂತ ಹೇಳುವ ಹಕ್ಕು ಬೇಕಿದ್ದರೆ ಮೊದಲು ಆ ಪರೀಕ್ಷೆ ಪಾಸಾಗಿ ಬಾ! ನಮ್ಮ ಊರು ಕೇರಿಗಳಲ್ಲಿ, ನೀನು ಈ ದೇಶದವನು ಹೌದೋ ಅಲ್ಲವೋ ತೋರಿಸು ಅಂತ ಕೇಳಿಸಿಕೊಂಡವರಿಗೆ ಈ ಬಲೆ ಹೊಸದಲ್ಲ.

1950ರ ಅಕ್ಟೋಬರ್ 22ರ ರಾತ್ರಿ ಬೆವರ್ಲಿ ಹಿಲ್ಸ್ ಹೋಟೆಲಿನಲ್ಲಿ ಸಭೆ ಸೇರಿತು. ತಾಸುಗಟ್ಟಲೆ ವಾದ. ಡಿಮಿಲ್ ಆ 25 ಜನರ ಮೇಲೆ ಅನುಮಾನ ಬರುವಂತೆ ಮಾತಾಡಿದರು. ಅವರಲ್ಲಿ ವೈಲರ್, ವೈಲ್ಡರ್, ಜಿನ್ನೆಮನ್ ಮುಂತಾದವರು ಯುರೋಪಿನಿಂದ ವಲಸೆ ಬಂದವರು. ಜಾನ್ ಫೋರ್ಡ್ ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಅವರೇನು ಎಡಪಂಥೀಯರಲ್ಲ, ಯುದ್ಧದಲ್ಲಿ ಗಾಯಗೊಂಡ ನೌಕಾದಳದವರು. ಕೊನೆಗೆ ಎದ್ದು, ಎಲ್ಲರಿಗೂ ಗೊತ್ತಿದ್ದ ತಮ್ಮ ಹೆಸರನ್ನು ಹೇಳಿ, ತಾನು ಕೌಬಾಯ್ ಚಿತ್ರ ಮಾಡುವವನು ಅಂತ ಪರಿಚಯಿಸಿಕೊಂಡರು. ಡಿಮಿಲ್ ಅವರ ಸಿನೆಮಾ ಕೌಶಲ ಮೆಚ್ಚಿ, ಆದರೆ ಅವರು ಈಗ ಮಾಡುತ್ತಿರುವುದು ತನಗೆ ಸರಿಬರುವುದಿಲ್ಲ ಅಂದರು. ಮಂಡಳಿಯವರು ರಾಜೀನಾಮೆ ಕೊಡಲಿ, ಅಧ್ಯಕ್ಷರು ಉಳಿಯಲಿ ಅಂದರು. ಹಾಗೇ ಆಯಿತು. ಆ ರಾತ್ರಿಯನ್ನು ವಿವರವಾಗಿ ಬರೆದಿಟ್ಟವರಲ್ಲಿ ಪ್ಯಾರಿಶ್ ಮುಖ್ಯರು.

ಕಥೆ ಇಲ್ಲಿಗೇ ನಿಲ್ಲಿಸಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಇತಿಹಾಸ ಹೇಳುವವರು ತಮಗೆ ಬೇಕಾದಲ್ಲಿ ಕತ್ತರಿ ಹಾಕಬಾರದು. ಆ ಸಭೆ ಗೆದ್ದ ಕೆಲವೇ ದಿನಗಳಲ್ಲಿ ಮ್ಯಾಂಕಿವಿಕ್ಸ್ ತಾವೇ ಸದಸ್ಯರಿಗೆ ಪತ್ರ ಬರೆದು ಪ್ರಮಾಣಪತ್ರಕ್ಕೆ ಸ್ವಂತ ಇಚ್ಛೆಯಿಂದ ಸಹಿ ಹಾಕಿ ಅಂತ ಕೇಳಿಕೊಂಡರು. ಕಪ್ಪುಪಟ್ಟಿ ಇನ್ನೂ ಹತ್ತು ವರ್ಷ ನಡೆಯಿತು. ಆ 25ರಲ್ಲಿದ್ದ ಜೋಸೆಫ್ ಲೋಸಿ ದೇಶ ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಪ್ಯಾರಿಶ್ ಕೆಲಸ ನಿಲ್ಲಲಿಲ್ಲ. ಅವರು ಹುತಾತ್ಮರೂ ಅಲ್ಲ, ನಾಯಕರೂ ಅಲ್ಲ. ಕೇಳಿದಾಗ ಒಂದು ಸಹಿ ಹಾಕಿದವರು, ನೋಡಿದ್ದನ್ನು ಬರೆದಿಟ್ಟವರು. ಅದು ಸಣ್ಣದು ಅಂತ ನನಗೆ ಅನ್ನಿಸುವುದಿಲ್ಲ. ಹೆದರಿಕೆಯ ಕಾಲದಲ್ಲಿ ಹೆಚ್ಚಿನವರು ಅಷ್ಟನ್ನೂ ಮಾಡುವುದಿಲ್ಲ.

ಉಳಿದದ್ದು

1951ರಲ್ಲಿ ಪ್ಯಾರಿಶ್ ನಿರ್ದೇಶಿಸಿದ ಮೊದಲ ಚಿತ್ರ ‘ಕ್ರೈ ಡೇಂಜರ್’ ಬಂತು. ಮಾಡದ ತಪ್ಪಿಗೆ ಜೈಲಿಗೆ ಹೋಗಿ ಬಂದವನ ಕಥೆ. ಮುಂದೆ ಇಪ್ಪತ್ತಕ್ಕೆ ಹತ್ತಿರ ಚಿತ್ರಗಳು. ಅದರಲ್ಲಿ ನಮಗೆ ಹತ್ತಿರದ್ದು ಗ್ರೆಗರಿ ಪೆಕ್ ನಟಿಸಿದ ‘ದಿ ಪರ್ಪಲ್ ಪ್ಲೇನ್’ (1954). ಬರ್ಮಾದ ಯುದ್ಧದಲ್ಲಿ ಬದುಕುವ ಆಸೆಯನ್ನೇ ಕಳೆದುಕೊಂಡ ವಿಮಾನ ಚಾಲಕನ ಕಥೆ. ಚಿತ್ರೀಕರಣ ನಡೆದದ್ದು ಇಲ್ಲೇ ಪಕ್ಕದ ಸಿಲೋನಿನಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ. ನಾಯಕಿಯಾಗಿ ಬರ್ಮಾದವರೇ ಆದ ವಿನ್ ಮಿನ್ ಥಾನ್. ಬಿಳಿಯ ನಟಿಗೆ ಬಣ್ಣ ಬಳಿದು ಏಷ್ಯಾದವಳನ್ನಾಗಿ ತೋರಿಸುವುದು ಮಾಮೂಲಾಗಿದ್ದ ಕಾಲದಲ್ಲಿ ಇದು ಗಮನಿಸಬೇಕಾದ ಸಂಗತಿ. ರಾಬರ್ಟ್ ಮಿಚಮ್ ನಟಿಸಿದ ‘ದಿ ವಂಡರ್‌ಫುಲ್ ಕಂಟ್ರಿ’ (1959) ಅವರ ಒಳ್ಳೆಯ ಚಿತ್ರಗಳಲ್ಲಿ ಇನ್ನೊಂದು. ನಂತರದವು ಅಷ್ಟಕ್ಕಷ್ಟೆ. 1976ರಲ್ಲಿ ಮೊದಲ ನೆನಪಿನ ಪುಸ್ತಕ ‘ಗ್ರೋಯಿಂಗ್ ಅಪ್ ಇನ್ ಹಾಲಿವುಡ್’ ಬಂತು. 1983ರಲ್ಲಿ ಫ್ರೆಂಚ್ ನಿರ್ದೇಶಕ ಬೆರ್ಟ್ರಾಂಡ್ ತವೆರ್ನಿಯೆ ಜೊತೆ ಸೇರಿ, ತಾವು ಹುಟ್ಟಿದ ಅಮೆರಿಕದ ದಕ್ಷಿಣಕ್ಕೆ ಮರಳಿ ‘ಮಿಸಿಸಿಪ್ಪಿ ಬ್ಲೂಸ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. 1995ರ ಡಿಸೆಂಬರ್ 4ರಂದು ತೀರಿಕೊಂಡರು.

ಉರ್ದು ಪುಸ್ತಕಗಳಲ್ಲಿ ಪುಟದ ಅಂಚಿಗೆ ಹಾಶಿಯಾ ಅಂತಾರೆ. ಮೂಲ ಪಠ್ಯ ನಡುವೆ ಇರುತ್ತದೆ, ಅದರ ಮೇಲಿನ ಟಿಪ್ಪಣಿ ಹಾಶಿಯಾದಲ್ಲಿ. ಅಂಚಿಗೆ ತಳ್ಳಿದ ಜನರಿಗೂ ಅದೇ ಪದ ಬಳಸುತ್ತಾರೆ. ಆದರೆ ಹಳೆಯ ಪುಸ್ತಕ ಓದಿದವರಿಗೆ ಗೊತ್ತು, ಎಷ್ಟೋ ಸಲ ಹಾಶಿಯಾದ ಎರಡು ಸಾಲು ಇಲ್ಲದಿದ್ದರೆ ನಡುವಿನ ಪಠ್ಯ ಅರ್ಥವೇ ಆಗುವುದಿಲ್ಲ. ಪ್ಯಾರಿಶ್ ಬದುಕೆಲ್ಲ ಹಾಶಿಯಾದಲ್ಲಿ ನಿಂತೇ ನೋಡಿದವರು. ಚಾಪ್ಲಿನ್ ಹೇಗೆ ಆಡಿದರು, ಆ ರಾತ್ರಿ ಫೋರ್ಡ್ ಹೇಗೆ ಎದ್ದು ನಿಂತರು ಎಂಬುದು ಇಂದು ನಮಗೆ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಅಂಚಿನ ಈ ಮನುಷ್ಯನೂ ಒಂದು ಕಾರಣ.

ಇದನ್ನೆಲ್ಲ ಸಣ್ಣದು ಮಾಡಿ ತರಗತಿಯಲ್ಲಿ ಹೇಳಿದೆ. ಪ್ರಶ್ನೆ ಕೇಳಿದ ಹುಡುಗ ಆಸ್ಕರ್ ಭಾಗಕ್ಕೆ ಖುಷಿಪಟ್ಟ. ಆಮೇಲೆ ಮಕ್ಕಳು ನನ್ನ ಮೊಬೈಲಿನಲ್ಲಿ ಶಾಲೆಯ ಬಗ್ಗೆ ಒಂದು ಎರಡು ನಿಮಿಷದ ವೀಡಿಯೊ ಮಾಡಿದರು. ಜೋಡಿಸುವ ಕೆಲಸ ಅವನಿಗೇ ಕೊಟ್ಟೆ. ಮುಗಿಸಿ ತೋರಿಸಿದಾಗ ಚೆನ್ನಾಗಿ ಮಾತಾಡುವ ಇಬ್ಬರು ಮೂವರನ್ನು ಕತ್ತರಿಸಿದ್ದ. ದಿನವೂ ಬಾಗಿಲ ಬಳಿ ಕೂತು ಒಂದು ಮಾತೂ ಆಡದ ಒಬ್ಬ ಹುಡುಗಿ ಊಟದ ಡಬ್ಬಿ ತೆರೆದು ಪಕ್ಕದವಳಿಗೆ ಅರ್ಧ ರೊಟ್ಟಿ ಕೊಡುವುದನ್ನು ಪೂರ್ತಿ ಉಳಿಸಿದ್ದ. ಚೆನ್ನಾಗಿ ಮಾತಾಡುವವರು ದೂರು ತಂದರು. ನಾನು ಅವನನ್ನು ಕೇಳಿದೆ, ಯಾಕಪ್ಪಾ ಹೀಗೆ?

‘ಅಕಿ ಯಾವಾಗ್ಲೂ ಫೋಟೋದಾಗ ಬರಂಗಿಲ್ರೀ ಟೀಚರ್,’ ಅಂದ.